ಗೆದ್ದದ್ದು 48, ಉಳಿದದ್ದು 40: ಎವರ್ಟನ್ ಕ್ಲಬ್‌ನ 2023–24ರ ಋತು

2024ರ ಮೇ 19ರಂದು ಇಂಗ್ಲಿಷ್ ಪ್ರೀಮಿಯರ್ ಲೀಗ್‌ನ ಕೊನೆಯ ಸುತ್ತು ಮುಗಿದಾಗ ಅಂಕಪಟ್ಟಿಯ 15ನೇ ಸಾಲಿನಲ್ಲಿ ಎವರ್ಟನ್ ಇತ್ತು. ಆಡಿದ್ದು 38, ಗೆಲುವು 13, ಡ್ರಾ 9, ಸೋಲು 16. ಗೆಲುವಿಗೆ ಮೂರು, ಡ್ರಾಗೆ ಒಂದು ಎಂದು ಕೂಡಿದರೆ 48 ಬರಬೇಕು. ಪಟ್ಟಿಯಲ್ಲಿ ಇದ್ದದ್ದು 40. ನಡುವಿನ ಎಂಟು ಅಂಕಗಳನ್ನು ಯಾವ ಎದುರಾಳಿಯೂ ಕಸಿದುಕೊಂಡದ್ದಲ್ಲ. ಅವು ಹೋದದ್ದು ಲೆಕ್ಕಪತ್ರದಲ್ಲಿ.

ಈ ಋತುವಿನ ಮಾತು ಬಂದಾಗಲೆಲ್ಲ ಒಂದು ಗುಂಪು ಕ್ಲಬ್‌ಗೆ ಅನ್ಯಾಯವಾಯಿತು ಎನ್ನುತ್ತದೆ, ಇನ್ನೊಂದು ಗುಂಪು ತಪ್ಪು ಮಾಡಿದವರು ಪಾರಾದರು ಎನ್ನುತ್ತದೆ. ಲೆಕ್ಕವನ್ನೂ ಆಟವನ್ನೂ ಪಕ್ಕಪಕ್ಕ ಇಟ್ಟು ನೋಡಿದರೆ ಕಾಣುವುದು ಬೇರೆ. ಎಷ್ಟು ಅಂಕ ಕಳೆದರು ಎನ್ನುವುದಕ್ಕಿಂತ ಯಾವ ವರ್ಷದಲ್ಲಿ ಕಳೆದರು ಎನ್ನುವುದೇ ಈ ಕ್ಲಬ್‌ನ ಹಣೆಬರಹವನ್ನು ಬರೆಯಿತು.

ಎವರ್ಟನ್ ಸಣ್ಣ ಹೆಸರಲ್ಲ. 1888ರಲ್ಲಿ ಫುಟ್‌ಬಾಲ್ ಲೀಗ್ ಕಟ್ಟಿದ 12 ಕ್ಲಬ್‌ಗಳಲ್ಲಿ ಒಂದು. 2023–24 ಅದಕ್ಕೆ ಅತ್ಯುನ್ನತ ವಿಭಾಗದಲ್ಲಿ 121ನೇ ಋತು; ಇಷ್ಟು ಋತುಗಳನ್ನು ಅಲ್ಲಿ ಆಡಿದ ಇನ್ನೊಂದು ಕ್ಲಬ್ ಇಲ್ಲ. ಒಂಬತ್ತು ಸಲ ಚಾಂಪಿಯನ್, ಕೊನೆಯದು 1986–87ರಲ್ಲಿ. 1954ರಲ್ಲಿ ಮೇಲಿನ ವಿಭಾಗಕ್ಕೆ ಮರಳಿದ ಮೇಲೆ ಒಮ್ಮೆಯೂ ಕೆಳಗಿನ ವಿಭಾಗಕ್ಕೆ ಇಳಿದಿಲ್ಲ. 1892ರಿಂದ 2025ರವರೆಗೆ ತವರಿನ ಅಂಗಳ ಲಿವರ್‌ಪೂಲ್ ನಗರದ ಗುಡಿಸನ್ ಪಾರ್ಕ್. ಮೂರೂವರೆ ಕಿಲೋಮೀಟರಿನೊಳಗೆ, ಮರ್ಸಿ ನದಿಯ ದಂಡೆಯ ಬ್ರಾಮ್ಲಿ-ಮೂರ್ ಡಾಕ್‌ನಲ್ಲಿ, ಐವತ್ತು ಸಾವಿರಕ್ಕೂ ಹೆಚ್ಚು ಆಸನಗಳ ಹೊಸ ಕ್ರೀಡಾಂಗಣ ಆಗ ಏಳುತ್ತಿತ್ತು. ಆ ಕಟ್ಟಡವೂ ಈ ಪ್ರಕರಣದ ಒಂದು ಪಾತ್ರ.

ನಷ್ಟಕ್ಕೂ ಒಂದು ಮಿತಿ

ಪ್ರೀಮಿಯರ್ ಲೀಗ್‌ನ ‘ಲಾಭ ಮತ್ತು ಸುಸ್ಥಿರತೆ’ಯ ನಿಯಮವನ್ನು ಎಲ್ಲರೂ ಪಿಎಸ್‌ಆರ್ ಎಂದೇ ಕರೆಯುತ್ತಾರೆ. ಆಗ ಅದರ ಮುಖ್ಯ ಸಂಖ್ಯೆ ಒಂದೇ: ಮೂರು ಋತುಗಳಲ್ಲಿ ಒಟ್ಟು 10.5 ಕೋಟಿ ಪೌಂಡ್. ಆಗಿನ ದರದಲ್ಲಿ ಸುಮಾರು 1,100 ಕೋಟಿ ರೂಪಾಯಿ. ಮೂರೂ ವರ್ಷ ಪ್ರೀಮಿಯರ್ ಲೀಗ್‌ನಲ್ಲೇ ಇದ್ದ ಕ್ಲಬ್ ಇದಕ್ಕಿಂತ ಹೆಚ್ಚು ನಷ್ಟ ತೋರಿಸುವಂತಿರಲಿಲ್ಲ. ಅದರಲ್ಲೂ 1.5 ಕೋಟಿ ದಾಟಿದ ಭಾಗವನ್ನು ಮಾಲೀಕರು ಬಂಡವಾಳವಾಗಿ ಹಾಕಿ ತುಂಬಬೇಕಿತ್ತು. ಕೆಳಗಿನ ವಿಭಾಗದಲ್ಲಿ ಕಳೆದ ಪ್ರತಿ ವರ್ಷಕ್ಕೆ ಮಿತಿ 3.5 ಕೋಟಿಯಿಂದ 1.3 ಕೋಟಿಗೆ ಇಳಿಯುತ್ತಿತ್ತು. ಆಗಷ್ಟೇ ಬಡ್ತಿ ಪಡೆದಿದ್ದ ನಾಟಿಂಗ್‌ಹ್ಯಾಮ್ ಫಾರೆಸ್ಟ್‌ಗೆ ಮಿತಿ 6.1 ಕೋಟಿ ಮಾತ್ರ ಇದ್ದದ್ದು ಹೀಗೆ.

ಇಲ್ಲಿ ಎಣಿಸುತ್ತಿದ್ದದ್ದು ಕ್ಲಬ್ ಪ್ರಕಟಿಸುವ ನಷ್ಟವನ್ನಲ್ಲ. ಅದರಿಂದ ಯುವ ಆಟಗಾರರ ತರಬೇತಿ, ಮಹಿಳಾ ತಂಡ, ಸಮುದಾಯ ಕಾರ್ಯಕ್ರಮ, ಕಟ್ಟಡಗಳ ಸವಕಳಿ ಇವುಗಳ ಖರ್ಚನ್ನು ಕಳೆಯಬಹುದಿತ್ತು. ಕೋವಿಡ್ ಕಾಲಕ್ಕೆ ಇನ್ನೂ ಒಂದು ರಿಯಾಯಿತಿ ಇತ್ತು: 2019–20 ಮತ್ತು 2020–21, ಎರಡನ್ನೂ ಸೇರಿಸಿ ಸರಾಸರಿ ತೆಗೆದು ಒಂದೇ ವರ್ಷವೆಂದು ಹಿಡಿಯುವುದು.

ಎವರ್ಟನ್‌ನ ಪ್ರಕಟಿತ ನಷ್ಟಗಳನ್ನು ಈ ರೀತಿ ಕೂಡೋಣ. 2018–19ರಲ್ಲಿ 11.18 ಕೋಟಿ. ಮುಂದಿನ ಎರಡು ವರ್ಷ 13.99 ಮತ್ತು 12.09 ಕೋಟಿ, ಸರಾಸರಿ 13.04. 2021–22ರಲ್ಲಿ 4.47 ಕೋಟಿ. ಒಟ್ಟು 28.69 ಕೋಟಿ ಪೌಂಡ್. ಅನುಮತಿ ಇರುವ ಕಡಿತಗಳನ್ನೆಲ್ಲ ತೆಗೆದ ಮೇಲೆ ಕ್ಲಬ್ ತೋರಿಸಿದ ಸಂಖ್ಯೆ 8.71 ಕೋಟಿ, ಅಂದರೆ ಮಿತಿಯೊಳಗೆ. ಲೀಗ್ ಪರಿಶೀಲಿಸಿ, ಅದರ ದೂರಿನ ವಿಚಾರಣೆ ನಡೆಸಿದ ಸ್ವತಂತ್ರ ಆಯೋಗ ಒಪ್ಪಿದ ಸಂಖ್ಯೆ 12.45 ಕೋಟಿ. ಮಿತಿ ಮೀರಿದ್ದು 1.95 ಕೋಟಿ. ವಿಚಾರಣೆಯ ಹೊತ್ತಿಗೆ ಮಿತಿ ಮೀರಿದ್ದನ್ನು ಕ್ಲಬ್ಬೂ ಒಪ್ಪಿಕೊಂಡಿತ್ತು; ಎಷ್ಟು ಎಂಬುದಷ್ಟೇ ಜಗಳ.

ಜಗಳದ ಗಂಟು ಹೊಸ ಕ್ರೀಡಾಂಗಣದ ಬಡ್ಡಿ. ಕಟ್ಟಡ ಕಟ್ಟಲು ತಂದ ಸಾಲದ ಬಡ್ಡಿಯನ್ನು ಆ ವರ್ಷದ ಖರ್ಚಿಗೆ ಹಾಕದೆ ಕಟ್ಟಡದ ಬೆಲೆಗೇ ಸೇರಿಸಲು ಲೆಕ್ಕಶಾಸ್ತ್ರದಲ್ಲಿ ಅವಕಾಶವಿದೆ. ಆದರೆ ಸಾಲ ನಿಜಕ್ಕೂ ಕಟ್ಟಡಕ್ಕೆ ಹೋಗಿರಬೇಕು. ಎವರ್ಟನ್‌ನಲ್ಲಿ ಕ್ರೀಡಾಂಗಣಕ್ಕೆ ಹಣ ಬರುತ್ತಿದ್ದದ್ದು ಮಾಲೀಕ ಫರ್ಹಾದ್ ಮೊಶಿರಿ ಕೊಟ್ಟ ಬಡ್ಡಿರಹಿತ ಸಾಲದಿಂದ, ಬಡ್ಡಿ ಬೀಳುತ್ತಿದ್ದ ಸಾಲಗಳು ಕ್ಲಬ್‌ನ ದೈನಂದಿನ ಖರ್ಚಿಗೆ ಎಂದು ಆಯೋಗ ತೀರ್ಮಾನಿಸಿತು. ಮಾಲೀಕರು ಹಣ ಹಾಕದಿದ್ದರೆ ಆ ಬಡ್ಡಿಯ ಸಾಲವನ್ನೇ ಕ್ರೀಡಾಂಗಣಕ್ಕೆ ಬಳಸುತ್ತಿದ್ದೆವು ಎಂಬ ವಾದ ನಡೆಯಲಿಲ್ಲ. ದುಡ್ಡು ಒಂದೇ ಪೆಟ್ಟಿಗೆಯಲ್ಲಿ ಬೆರೆತಿರಬಹುದು, ಆದರೆ ಸಾಲಪತ್ರದಲ್ಲಿ ಬರೆದ ಉದ್ದೇಶವೇ ಲೆಕ್ಕಕ್ಕೆ ಬರುವುದು.

ಆಟಗಾರ ಎಂಬ ಆಸ್ತಿ

ಈ ಪ್ರಕರಣ ಅರ್ಥವಾಗಬೇಕಾದರೆ ಆಟಗಾರರ ಖರೀದಿ-ಮಾರಾಟವನ್ನು ಪುಸ್ತಕದಲ್ಲಿ ಹೇಗೆ ಬರೆಯುತ್ತಾರೆ ಎಂಬುದು ಗೊತ್ತಿರಬೇಕು. ನಾಲ್ಕು ಕೋಟಿ ಪೌಂಡ್ ಕೊಟ್ಟು ಒಬ್ಬ ಆಟಗಾರನನ್ನು ನಾಲ್ಕು ವರ್ಷದ ಕರಾರಿನ ಮೇಲೆ ತಂದರೆ ಆ ನಾಲ್ಕು ಕೋಟಿ ಒಂದೇ ವರ್ಷಕ್ಕೆ ಖರ್ಚಾಗುವುದಿಲ್ಲ. ವರ್ಷಕ್ಕೆ ಒಂದು ಕೋಟಿಯಂತೆ ಸವೆಯುತ್ತದೆ. ಎರಡು ವರ್ಷವಾದ ಮೇಲೆ ಪುಸ್ತಕದಲ್ಲಿ ಅವನ ಬೆಲೆ ಎರಡು ಕೋಟಿ. ಆಗ ಮೂರು ಕೋಟಿಗೆ ಮಾರಿದರೆ, ಕೊಂಡ ಬೆಲೆಗಿಂತ ಕಡಿಮೆಗೇ ಮಾರಿದ್ದರೂ, ಆ ವರ್ಷದ ಲೆಕ್ಕದಲ್ಲಿ ಒಂದು ಕೋಟಿ ಲಾಭ. ಮಾರಲಾಗದೆ ಉಳಿದರೆ ಸವಕಳಿಯೂ ಸಂಬಳವೂ ಕರಾರು ಮುಗಿಯುವವರೆಗೆ ಬೆನ್ನು ಬಿಡುವುದಿಲ್ಲ.

ಕ್ಲಬ್‌ನ ಸ್ವಂತ ಅಕಾಡೆಮಿಯಲ್ಲಿ ಬೆಳೆದ ಹುಡುಗನ ವಿಷಯ ಬೇರೆ. ಪುಸ್ತಕದಲ್ಲಿ ಅವನ ಬೆಲೆ ಸೊನ್ನೆ. ಮಾರಿದ ಪ್ರತಿ ಪೌಂಡೂ ಲಾಭ, ಅದೂ ಮಾರಿದ ವರ್ಷದಲ್ಲೇ. ಲೆಕ್ಕದ ವರ್ಷ ಮುಗಿಯುವುದು ಜೂನ್ 30ಕ್ಕೆ. ಹಾಗಾಗಿ ಮಿತಿಯ ಅಂಚಿನಲ್ಲಿರುವ ಕ್ಲಬ್‌ಗಳಿಗೆ ಜೂನ್ ತಿಂಗಳ ಕೊನೆಯ ವಾರ ಮಾರಾಟದ ವಾರ, ಮೊದಲು ಹೋಗುವುದು ಊರಿನ ಹುಡುಗರು. ನಿಯಮ ಬರೆದವರ ಉದ್ದೇಶ ಖಂಡಿತ ಇದಾಗಿರಲಿಲ್ಲ. ಪರಿಣಾಮ ಮಾತ್ರ ಇದೇ ಆಗಿದೆ, ಈ ನಿಯಮದ ಅತ್ಯಂತ ಬೇಸರದ ಭಾಗವೂ ಇದೇ.

ಮೊಶಿರಿ 2016ರಲ್ಲಿ ಬಂದ ಮೇಲೆ ಎವರ್ಟನ್ ದೊಡ್ಡ ಮೊತ್ತಗಳಿಗೆ ಆಟಗಾರರನ್ನು ತಂದಿತು. ಅದೇ ವರ್ಷದ ಬೇಸಗೆಯಿಂದ 2023ರ ಜನವರಿಯವರೆಗೆ ಏಳು ಮ್ಯಾನೇಜರ್‌ಗಳು: ಕೂಮನ್, ಅಲರ್ಡೈಸ್, ಸಿಲ್ವಾ, ಆಂಚೆಲೊಟ್ಟಿ, ಬೆನಿಟೆಜ್, ಲ್ಯಾಂಪಾರ್ಡ್, ಡೈಚ್. ಪ್ರತಿಯೊಬ್ಬರ ಆಟದ ರೀತಿಯೂ ಬೇರೆ, ಬೇಕಾದ ಆಟಗಾರರೂ ಬೇರೆ. ಹಿಂದಿನವರು ತಂದವರು ಮುಂದಿನವರಿಗೆ ಬೇಡವಾದರು, ಆದರೆ ಕರಾರು ಉಳಿಯಿತು. ಬಜೆಟ್ ಬರೆಯುವಾಗಿನ ಆಶಾವಾದವೂ ಕಾರಣ. 2021–22ಕ್ಕೆ ಕ್ಲಬ್ 6ನೇ ಸ್ಥಾನದ ಆದಾಯವನ್ನು ನಂಬಿ ಲೆಕ್ಕ ಹಾಕಿತ್ತು; ಮುಗಿಸಿದ್ದು 16ನೇ ಸ್ಥಾನದಲ್ಲಿ. ಆ ಹತ್ತು ಸ್ಥಾನಗಳ ಅಂತರ ಸುಮಾರು 2.1 ಕೋಟಿ ಪೌಂಡ್ ತಿಂದಿತು. ಮಿತಿ ಮೀರಿದ್ದು 1.95 ಕೋಟಿ ಎಂಬುದನ್ನು ಇದರ ಪಕ್ಕ ಇಟ್ಟು ನೋಡಬೇಕು.

ಮೇಲಿಂದ ಉಕ್ರೇನ್ ಯುದ್ಧ. 2022ರ ಮಾರ್ಚ್‌ನಲ್ಲಿ ರಷ್ಯಾದ ಉದ್ಯಮಿ ಅಲಿಶೇರ್ ಉಸ್ಮಾನೋವ್ ನಂಟಿನ ಯುಎಸ್‌ಎಂ, ಮೆಗಾಫೋನ್, ಯೋಟಾ ಕಂಪನಿಗಳ ಪ್ರಾಯೋಜಕತ್ವವನ್ನು ಎವರ್ಟನ್ ನಿಲ್ಲಿಸಿತು. ಹೊಸ ಕ್ರೀಡಾಂಗಣಕ್ಕೆ ಹೆಸರಿಡುವ ಹಕ್ಕಿನಿಂದ ವರ್ಷಕ್ಕೆ ಒಂದು ಕೋಟಿ ಪೌಂಡ್ ಬರುವ ನಿರೀಕ್ಷೆಯೂ ಅದರೊಂದಿಗೆ ಹೋಯಿತು.

ಋತುವಿಗೆ ಮುನ್ನ

2022–23ರ ಕೊನೆಯ ದಿನ, ಮೇ 28ರಂದು, ಬೋರ್ನ್‌ಮತ್ ವಿರುದ್ಧ 57ನೇ ನಿಮಿಷದಲ್ಲಿ ಅಬ್ದುಲಾಯೆ ಡುಕುರೆ ಹೊಡೆದ ಗೋಲಿನಿಂದ ಎವರ್ಟನ್ ಉಳಿದಿತ್ತು. 36 ಅಂಕ, 17ನೇ ಸ್ಥಾನ. ಬೇಸಗೆಯಲ್ಲಿ ಖರ್ಚಿಗೆ ಕೈ ಬರಲಿಲ್ಲ. ಅಲೆಕ್ಸ್ ಇವೋಬಿ ಫುಲಮ್‌ಗೆ, ಡಿಮಾರಾಯ್ ಗ್ರೇ ಸೌದಿ ಅರೇಬಿಯಾಕ್ಕೆ ಹೋದರು. ಅಕಾಡೆಮಿಯ ಸ್ಟ್ರೈಕರ್‌ಗಳಾದ ಎಲಿಸ್ ಸಿಮ್ಸ್ ಮತ್ತು ಟಾಮ್ ಕ್ಯಾನನ್ ಕೆಳಗಿನ ವಿಭಾಗದ ಕ್ಲಬ್‌ಗಳಿಗೆ ಮಾರಾಟವಾದರು. ಬಂದವರಲ್ಲಿ 38 ವರ್ಷದ ಆ್ಯಶ್ಲಿ ಯಂಗ್‌ಗೆ ವರ್ಗಾವಣೆ ಶುಲ್ಕವಿರಲಿಲ್ಲ. ಆರ್ನೌಟ್ ಡಾಂಜುಮಾ, ಜ್ಯಾಕ್ ಹ್ಯಾರಿಸನ್ ಎರವಲು. ಹಣ ಕೊಟ್ಟು ತಂದ ಮುಖ್ಯ ಹೆಸರುಗಳು ಯುಡಿನೀಸ್‌ನ ಬೆಟೊ ಮತ್ತು ಸ್ಪೋರ್ಟಿಂಗ್‌ನ ಹದಿಹರೆಯದ ಯೂಸೆಫ್ ಶೆರ್ಮಿಟಿ.

ಇಂಥ ತಂಡಕ್ಕೆ ಶಾನ್ ಡೈಚ್ ಕೊಟ್ಟ ಆಟ ಸರಳ. ಹಿಂದೆ ನಾಲ್ವರು, ಮಧ್ಯದಲ್ಲಿ ನಾಲ್ವರು, ಸಾಲುಗಳ ನಡುವೆ ಜಾಗ ಬಿಡದಂತೆ. ಚೆಂಡು ಎದುರಾಳಿಯ ಬಳಿ ಇದ್ದರೂ ಚಿಂತೆಯಿಲ್ಲ, ಅದು ನಮ್ಮ ಪೆನಾಲ್ಟಿ ಚೌಕದೊಳಗೆ ಬರದಿದ್ದರೆ ಸಾಕು. ಬಂದರೆ ಅಲ್ಲಿ ಜೇಮ್ಸ್ ಟಾರ್ಕೋವ್ಸ್ಕಿ ಮತ್ತು 21 ವರ್ಷದ ಎಡಗಾಲಿನ ಜಾರಡ್ ಬ್ರಾಂತ್‌ವೇಟ್, ಅವರ ಹಿಂದೆ ಗೋಲ್‌ಕೀಪರ್ ಜೋರ್ಡನ್ ಪಿಕ್‌ಫೋರ್ಡ್. ಮುಂದೆ ಡೊಮಿನಿಕ್ ಕಾಲ್ವರ್ಟ್-ಲೆವಿನ್, ಅವರ ಬೆನ್ನಿಗೇ ಡುಕುರೆ. ಡುಕುರೆ ಚೆಂಡು ಹಂಚುವ ಆಟಗಾರರಲ್ಲ. ಎರಡನೆಯ ಚೆಂಡಿಗೆ, ಅಂದರೆ ತಲೆಗೆ ತಾಗಿ ಚಿಮ್ಮಿದ ಚೆಂಡಿಗೆ, ಎಲ್ಲರಿಗಿಂತ ಮೊದಲು ಓಡುವುದು ಅವರ ಕೆಲಸ. ಗೋಲಿನ ಇನ್ನೊಂದು ದಾರಿ ಡ್ವೈಟ್ ಮೆಕ್‌ನೀಲ್ ಹೊಡೆಯುವ ಕಾರ್ನರ್ ಮತ್ತು ಫ್ರೀಕಿಕ್.

ಆರಂಭ ಕೆಟ್ಟದಾಗಿತ್ತು. ಫುಲಮ್, ಆ್ಯಸ್ಟನ್ ವಿಲ್ಲಾ, ವುಲ್ವ್ಸ್ ವಿರುದ್ಧ ಮೂರೂ ಪಂದ್ಯ ಸೋಲು, ಒಂದೂ ಗೋಲಿಲ್ಲ. ಐದು ಪಂದ್ಯಗಳಿಗೆ ಒಂದು ಅಂಕ. ಸೆಪ್ಟೆಂಬರ್ 30ರಂದು ಲೂಟನ್ ಗುಡಿಸನ್‌ಗೆ ಬಂದು 2–1ರಿಂದ ಗೆದ್ದಿತು; ಪ್ರೀಮಿಯರ್ ಲೀಗ್‌ನಲ್ಲಿ ಅದಕ್ಕೆ ಮೊದಲ ಗೆಲುವು, ಎರಡೂ ಗೋಲು ಸೆಟ್‌ಪೀಸ್‌ನಿಂದ, ಅಂದರೆ ಕಾರ್ನರ್, ಫ್ರೀಕಿಕ್‌ನಂಥ ನಿಂತ ಚೆಂಡಿನಿಂದ. ಎವರ್ಟನ್ ತನ್ನ ಬಲವೆಂದು ನಂಬಿದ್ದ ಜಾಗದಲ್ಲೇ ಪೆಟ್ಟು. ಅಲ್ಲಿಂದ ಚೇತರಿಕೆ ಶುರುವಾಯಿತು. ಬೋರ್ನ್‌ಮತ್ ವಿರುದ್ಧ 3–0, ವೆಸ್ಟ್ ಹ್ಯಾಮ್‌ನಲ್ಲಿ 1–0, ನವೆಂಬರ್ 11ರಂದು ಕ್ರಿಸ್ಟಲ್ ಪ್ಯಾಲೇಸ್‌ನಲ್ಲಿ 3–2. ಹನ್ನೆರಡು ಪಂದ್ಯ, 14 ಅಂಕ, 14ನೇ ಸ್ಥಾನ.

ನವೆಂಬರ್ 17

ಆರು ದಿನದ ಮೇಲೆ ತೀರ್ಪು ಬಂತು. ಹತ್ತು ಅಂಕ ಕಡಿತ. 14 ಇದ್ದದ್ದು 4 ಆಯಿತು, 14ನೇ ಸ್ಥಾನದಿಂದ 19ಕ್ಕೆ.

ಅದುವರೆಗೆ ಪ್ರೀಮಿಯರ್ ಲೀಗ್ ಇತಿಹಾಸದಲ್ಲಿ ಅಂಕ ಕಳೆದುಕೊಂಡ ಕ್ಲಬ್‌ಗಳು ಎರಡೇ. 1996–97ರಲ್ಲಿ ಬ್ಲ್ಯಾಕ್‌ಬರ್ನ್ ವಿರುದ್ಧದ ಪಂದ್ಯಕ್ಕೆ ತಂಡ ಕಳಿಸದ ಮಿಡಲ್ಸ್‌ಬರೋಗೆ ಮೂರು ಅಂಕ, ಆ ಮೂರರಿಂದಲೇ ಅದು ಕೆಳಗಿಳಿಯಿತು. 2009–10ರಲ್ಲಿ ದಿವಾಳಿಯಂಚಿಗೆ ಹೋಗಿ ಆಡಳಿತಾಧಿಕಾರಿಯ ಕೈಗೆ ಸಿಕ್ಕ ಪೋರ್ಟ್ಸ್‌ಮತ್‌ಗೆ ಒಂಬತ್ತು. ಪಿಎಸ್‌ಆರ್ ಮಿತಿ ಮೀರಿದ್ದಕ್ಕೆ ಅಂಕ ಕಡಿತವಾದದ್ದು ಇದೇ ಮೊದಲು. ಇಂಥ ಮೊತ್ತಕ್ಕೆ ಇಷ್ಟು ಅಂಕ ಎಂಬ ಕೋಷ್ಟಕ ನಿಯಮಪುಸ್ತಕದಲ್ಲಿ ಇರಲಿಲ್ಲ. ಆರು ಅಂಕದಿಂದ ಶುರುಮಾಡಿ ಪ್ರತಿ 50 ಲಕ್ಷ ಪೌಂಡ್‌ಗೆ ಒಂದರಂತೆ ಏರಿಸುವ ಸೂತ್ರವನ್ನು ಲೀಗ್ ಮುಂದಿಟ್ಟಿತು. ಆಯೋಗ ಅದನ್ನು ಒಪ್ಪದೆ ತನ್ನದೇ ವಿವೇಚನೆಯಿಂದ ಹತ್ತು ಎಂದಿತು.

ಒಂಬತ್ತು ದಿನಗಳ ಬಳಿಕ ಮ್ಯಾಂಚೆಸ್ಟರ್ ಯುನೈಟೆಡ್ ಬಂದಾಗ ಗುಡಿಸನ್‌ನಲ್ಲಿ ಸಾವಿರಾರು ಗುಲಾಬಿ ಬಣ್ಣದ ಕಾಗದಗಳು ಮೇಲೆದ್ದವು. ಅವುಗಳ ಮೇಲೆ ಲೀಗ್‌ನ ಲಾಂಛನ, ಅದರ ಜೊತೆಗೆ ‘ಭ್ರಷ್ಟ’ ಎಂಬ ಪದ. ಆ ಗದ್ದಲದ ನಡುವೆ ಮೂರನೆಯ ನಿಮಿಷದಲ್ಲೇ ಅಲೆಹಾಂಡ್ರೊ ಗರ್ನಾಚೊ ಗೋಲಿಗೆ ಬೆನ್ನು ಮಾಡಿ, ನೆಲ ಬಿಟ್ಟು ಎದ್ದು, ತಲೆಯ ಮೇಲಿಂದ ಒದ್ದ ಚೆಂಡು ಪಿಕ್‌ಫೋರ್ಡ್‌ಗೆ ಎಟುಕಲಿಲ್ಲ. ಪಂದ್ಯ 0–3.

ಆಮೇಲೆ ನಡೆದದ್ದು ಈ ಋತುವಿನ ಅತ್ಯುತ್ತಮ ಹದಿನೈದು ದಿನ. ಡಿಸೆಂಬರ್ 2ರಂದು ಫಾರೆಸ್ಟ್‌ನಲ್ಲಿ 1–0. 7ರಂದು ನ್ಯೂಕ್ಯಾಸಲ್ ವಿರುದ್ಧ 3–0. ಎದುರಾಳಿ ಬಲಬದಿಯ ಡಿಫೆಂಡರ್ ಕೀರನ್ ಟ್ರಿಪ್ಪಿಯರ್ ಚೆಂಡು ಕಳೆದುಕೊಂಡಾಗ ಮೆಕ್‌ನೀಲ್ ಕಸಿದು ಓಡಿ ಗೋಲು ಹೊಡೆದದ್ದು 79ನೇ ನಿಮಿಷದಲ್ಲಿ. 10ರಂದು ಚೆಲ್ಸಿ ವಿರುದ್ಧ 2–0. 16ರಂದು ಬರ್ನ್ಲಿಯಲ್ಲಿ 2–0. ನಾಲ್ಕು ಪಂದ್ಯ, 12 ಅಂಕ, ಬಿಟ್ಟುಕೊಟ್ಟ ಗೋಲು ಸೊನ್ನೆ. ಕಡಿತವಾದ ಹತ್ತನ್ನೂ ತೀರಿಸಿ ಎರಡು ಮಿಕ್ಕಿತು.

ಚೆಲ್ಸಿ ಪಂದ್ಯದ ಎರಡನೆಯ ಗೋಲನ್ನು ನೆನಪಿಟ್ಟುಕೊಳ್ಳಿ. ಹೆಚ್ಚುವರಿ ಸಮಯದ ಎರಡನೆಯ ನಿಮಿಷ. ಬದಲಿ ಆಟಗಾರನಾಗಿ ಇಳಿದ 20 ವರ್ಷದ ಲೂಯಿಸ್ ಡಾಬಿನ್ ಎದುರು ಚೆಂಡು ಬಿತ್ತು; ನಿಲ್ಲಿಸದೆ ಒದ್ದರು, ಬಲೆ ಸೇರಿತು. ಎವರ್ಟನ್ ಅಕಾಡೆಮಿಯಲ್ಲಿ ಬೆಳೆದ ಹುಡುಗನಿಗೆ ಪ್ರೀಮಿಯರ್ ಲೀಗ್‌ನಲ್ಲಿ ಮೊದಲ ಗೋಲು.

ಹದಿಮೂರು ಪಂದ್ಯ

ಡಿಸೆಂಬರ್ 23ರಿಂದ ಏಪ್ರಿಲ್ 2ರವರೆಗೆ ಲೀಗ್‌ನಲ್ಲಿ 13 ಪಂದ್ಯ, ಒಂದೂ ಗೆಲುವಿಲ್ಲ. ಆರು ಡ್ರಾ, ಏಳು ಸೋಲು. ಅಂಕ ಕಡಿತದಿಂದ ತಂಡದ ಮನಸ್ಸು ಕುಸಿಯಿತು ಎಂದು ಇದನ್ನು ವಿವರಿಸುವವರಿದ್ದಾರೆ. ಒಪ್ಪಲು ಕಷ್ಟ: ಕಡಿತದ ಬೆನ್ನಿಗೇ ನಾಲ್ಕು ಗೆಲುವು ಬಂದಿತ್ತು. ಕಾರಣಗಳು ಕಾಲಿನಲ್ಲಿದ್ದವು. ಡುಕುರೆ ಹ್ಯಾಮ್‌ಸ್ಟ್ರಿಂಗ್ ನೋವಿನಿಂದ ಹಲವು ಪಂದ್ಯ ಹೊರಗುಳಿದರು. ಅವರಿಲ್ಲದೆ ಕಾಲ್ವರ್ಟ್-ಲೆವಿನ್ ಒಂಟಿಯಾದರು. ಅಕ್ಟೋಬರ್ 29ರ ನಂತರ ಲೀಗ್‌ನಲ್ಲಿ ಅವರ ಮುಂದಿನ ಗೋಲು ಬಂದದ್ದು ಏಪ್ರಿಲ್ 2ರಂದು, ನ್ಯೂಕ್ಯಾಸಲ್‌ನಲ್ಲಿ, ಅದೂ ಪೆನಾಲ್ಟಿಯಿಂದ. ಜನವರಿಯಲ್ಲಿ ಇದ್ರಿಸ್ಸಾ ಗೆಯೆ ಸೆನೆಗಲ್ ಪರ ಆಫ್ರಿಕಾ ಕಪ್‌ಗೆ ಹೋದರು. ಜನವರಿ ಮಾರುಕಟ್ಟೆಯಲ್ಲಿ ಕ್ಲಬ್ ಒಬ್ಬರನ್ನೂ ತರಲಿಲ್ಲ, ತರುವ ಸ್ಥಿತಿಯಲ್ಲೂ ಇರಲಿಲ್ಲ. ಹಳೆಯ ಲೆಕ್ಕದ ನಿಜವಾದ ಬೆಲೆ ಅಂಕಪಟ್ಟಿಗಿಂತ ಹೆಚ್ಚಾಗಿ ಬದಲಿ ಆಟಗಾರರ ಈ ಬೆಂಚಿನಲ್ಲಿ ಕಾಣುತ್ತಿತ್ತು.

ಫೆಬ್ರುವರಿ 3ರ ಟಾಟನ್‌ಹ್ಯಾಮ್ ಪಂದ್ಯ ಇದನ್ನು ಕಣ್ಣಿಗೆ ಕಟ್ಟುವಂತೆ ತೋರಿಸಿತು. ಎವರ್ಟನ್ ಎರಡು ಗೋಲು ಬಿಟ್ಟುಕೊಟ್ಟಿತು. ಎರಡನ್ನೂ ಹೊಡೆದವರು ರಿಚಾರ್ಲಿಸನ್, 2022ರ ಬೇಸಗೆಯಲ್ಲಿ ಲೆಕ್ಕ ಸರಿದೂಗಿಸಲು ಎವರ್ಟನ್ನೇ ಮಾರಿದ್ದ ಸ್ಟ್ರೈಕರ್. ಗೋಲು ಹೊಡೆದು ಅವರು ಸಂಭ್ರಮಿಸಲಿಲ್ಲ. 94ನೇ ನಿಮಿಷದಲ್ಲಿ ಫ್ರೀಕಿಕ್‌ನ ಕೊನೆಯಲ್ಲಿ ಬ್ರಾಂತ್‌ವೇಟ್ ದೂರದ ಕಂಬದ ಬಳಿ ನುಗ್ಗಿ 2–2 ಮಾಡಿದರು.

ಹಿಂಬದಿ ಕುಸಿಯದೆ ಇದ್ದದ್ದೇ ಈ ಮೂರು ತಿಂಗಳಲ್ಲಿ ಕ್ಲಬ್ ಉಳಿದ ಗುಟ್ಟು. ವಿಲ್ಲಾ ವಿರುದ್ಧ 0–0, ಫುಲಮ್‌ನಲ್ಲಿ 0–0, ಪ್ಯಾಲೇಸ್ ಮತ್ತು ಬ್ರೈಟನ್ ವಿರುದ್ಧ 1–1. ಗೆಲ್ಲಲಾಗದ ತಂಡ ಸೋಲದೇ ಇದ್ದರೆ ಒಂದೊಂದೇ ಅಂಕ ಸೇರುತ್ತದೆ. ಇಡೀ ಋತುವಿನಲ್ಲಿ ಎವರ್ಟನ್ ಹೊಡೆದದ್ದು 40 ಗೋಲು. ಅದಕ್ಕಿಂತ ಕಡಿಮೆ ಹೊಡೆದದ್ದು ಶೆಫೀಲ್ಡ್ ಯುನೈಟೆಡ್ ಒಂದೇ, 35. ಬಿಟ್ಟುಕೊಟ್ಟದ್ದು 51, ಅದಕ್ಕಿಂತ ಕಡಿಮೆ ಬಿಟ್ಟುಕೊಟ್ಟವರು ಆರ್ಸೆನಲ್, ಮ್ಯಾಂಚೆಸ್ಟರ್ ಸಿಟಿ, ಲಿವರ್‌ಪೂಲ್ ಮಾತ್ರ. ಪಿಕ್‌ಫೋರ್ಡ್ 13 ಪಂದ್ಯಗಳಲ್ಲಿ ಗೋಲು ಬಿಟ್ಟುಕೊಡಲಿಲ್ಲ. ಅಂದರೆ ದಾಳಿಯಲ್ಲಿ ಕೊನೆಯಿಂದ ಎರಡನೆಯದು, ರಕ್ಷಣೆಯಲ್ಲಿ ಮೇಲಿಂದ ನಾಲ್ಕನೆಯದು.

ಬದಲಾಗುತ್ತಲೇ ಇದ್ದ ಸಂಖ್ಯೆ

ಮೇಲ್ಮನವಿಯ ತೀರ್ಪು ಫೆಬ್ರುವರಿ 26ಕ್ಕೆ ಬಂತು. ಕ್ಲಬ್ ಒಂಬತ್ತು ಕಾರಣಗಳನ್ನು ಮುಂದಿಟ್ಟಿತ್ತು, ಎಲ್ಲವೂ ಶಿಕ್ಷೆಯ ಪ್ರಮಾಣದ ಬಗ್ಗೆ. ಒಪ್ಪಿತವಾದದ್ದು ಎರಡು. ಕ್ರೀಡಾಂಗಣದ ಸಾಲದ ಬಗ್ಗೆ ಕ್ಲಬ್ ಲೀಗ್‌ಗೆ ಪೂರ್ತಿ ಮುಚ್ಚುಮರೆಯಿಲ್ಲದೆ ಹೇಳಲಿಲ್ಲ ಎಂದು ಮೊದಲ ಆಯೋಗ ಶಿಕ್ಷೆಯಲ್ಲಿ ಹಿಡಿದದ್ದು ತಪ್ಪು ಎಂಬುದು ಒಂದು. ಲಭ್ಯವಿದ್ದ ಅಳತೆಗೋಲುಗಳನ್ನು ನೋಡಲಿಲ್ಲ ಎಂಬುದು ಇನ್ನೊಂದು. ದಿವಾಳಿಯಂಚಿಗೆ ಹೋದ ಕ್ಲಬ್‌ಗೇ ನಿಯಮದಲ್ಲಿ ಒಂಬತ್ತು ಅಂಕ ಇರುವಾಗ ಇದಕ್ಕೆ ಹತ್ತು ಹೇಗೆ? ಕಡಿತ ಆರಕ್ಕೆ ಇಳಿಯಿತು. 21 ಇದ್ದ ಅಂಕ ಒಂದೇ ಮಧ್ಯಾಹ್ನದಲ್ಲಿ 25 ಆಗಿ, ತಂಡ 17ರಿಂದ 15ನೇ ಸ್ಥಾನಕ್ಕೆ ಏರಿತು. ಆ ದಿನ ಅದು ಯಾವ ಪಂದ್ಯವನ್ನೂ ಆಡಿರಲಿಲ್ಲ.

ಅಷ್ಟರಲ್ಲಿ ಎರಡನೆಯ ದೂರು ದಾಖಲಾಗಿತ್ತು. ಹಳೆಯ ವಿಳಂಬ ತಪ್ಪಿಸಲು ಲೀಗ್ ಹೊಸ ವೇಳಾಪಟ್ಟಿ ತಂದಿತ್ತು: ಡಿಸೆಂಬರ್ 31ಕ್ಕೆ ಲೆಕ್ಕ ಸಲ್ಲಿಸಬೇಕು, ದೂರು ಇದ್ದರೆ ಜನವರಿ ಮಧ್ಯಕ್ಕೆ, ತೀರ್ಪು ಅದೇ ಋತುವಿನೊಳಗೆ. ಜನವರಿ 15ರಂದು ಎವರ್ಟನ್ ಮತ್ತು ಫಾರೆಸ್ಟ್, ಎರಡರ ಮೇಲೂ 2022–23ಕ್ಕೆ ಮುಗಿದ ಅವಧಿಗೆ ದೂರು. 3.45 ಕೋಟಿ ಮೀರಿದ್ದ ಫಾರೆಸ್ಟ್‌ಗೆ ಮಾರ್ಚ್ 18ರಂದು ನಾಲ್ಕು ಅಂಕ ಹೋಯಿತು. 1.66 ಕೋಟಿ ಮೀರಿದ್ದ ಎವರ್ಟನ್‌ಗೆ ಏಪ್ರಿಲ್ 8ರಂದು ಎರಡು. ಇದು ಕಡಿಮೆಯಾಗಲು ಮುಖ್ಯ ಕಾರಣ, ಎಣಿಸಿದ ವರ್ಷಗಳಲ್ಲಿ ಹೆಚ್ಚಿನವಕ್ಕೆ ಆಗಲೇ ಆರು ಅಂಕದ ಶಿಕ್ಷೆ ಆಗಿತ್ತು. ತಪ್ಪನ್ನು ಬೇಗ ಒಪ್ಪಿಕೊಂಡದ್ದು, ರಷ್ಯಾ ನಂಟಿನ ಪ್ರಾಯೋಜಕರು ಹೋದದ್ದು ಇವನ್ನೂ ಪರಿಗಣಿಸಿದರು. ಬಡ್ಡಿಯ ಒಂದು ತಕರಾರನ್ನು ಋತು ಮುಗಿದ ಮೇಲಕ್ಕೆ ತಳ್ಳಿದರು.

ಹತ್ತು, ಆರು, ಎಂಟು. ಐದು ತಿಂಗಳೊಳಗೆ ಮೂರು ಸಂಖ್ಯೆ. ಪ್ರತಿ ಸಲವೂ ಲೂಟನ್, ಬರ್ನ್ಲಿ, ಬ್ರೆಂಟ್‌ಫರ್ಡ್ ಅಭಿಮಾನಿಗಳೂ ತಮ್ಮ ಪಟ್ಟಿಯನ್ನು ಮತ್ತೆ ಬರೆದುಕೊಳ್ಳಬೇಕಾಯಿತು. ಮಿತಿ ಮೀರಿದವರಿಗೆ ಶಿಕ್ಷೆ ಆಗಲೇಬೇಕು, ಅದರಲ್ಲಿ ಎರಡು ಮಾತಿಲ್ಲ. ಆದರೆ ಕೋಷ್ಟಕವನ್ನು ಮೊದಲೇ ಬರೆದಿಡದೆ ಋತುವಿನ ನಡುವೆ ಅಳತೆ ಹುಡುಕಿದ್ದು ಲೀಗ್‌ನ ದೊಡ್ಡ ತಪ್ಪು.

ವರ್ಷದ ಪ್ರಶ್ನೆ

ಮೊದಲ ದೂರು 2021–22ಕ್ಕೆ ಮುಗಿದ ಅವಧಿಯದು. ಆ ವರ್ಷ ಎವರ್ಟನ್ ಗಳಿಸಿದ್ದು 39 ಅಂಕ. ಕೆಳಗಿಳಿದ ಬರ್ನ್ಲಿ ಗಳಿಸಿದ್ದು 35. ಆರು ಅಂಕ ಅದೇ ವರ್ಷ ಹೋಗಿದ್ದರೆ ಎವರ್ಟನ್‌ಗೆ 33 ಉಳಿಯುತ್ತಿತ್ತು, ಇಳಿಯುತ್ತಿದ್ದದ್ದು ಎವರ್ಟನ್. ಮರುವರ್ಷ ಎವರ್ಟನ್‌ಗೆ 36, ಕೆಳಗಿಳಿದ ಲೆಸ್ಟರ್‌ಗೆ 34, ಲೀಡ್ಸ್‌ಗೆ 31. ಆರು ಕಳೆದರೆ ಎವರ್ಟನ್‌ಗೆ 30. ಲೆಸ್ಟರ್ ಉಳಿಯುತ್ತಿತ್ತು.

2023–24ರಲ್ಲಿ ಕೆಳಗಿನ ಮೂವರು ಲೂಟನ್ 26, ಬರ್ನ್ಲಿ 24, ಶೆಫೀಲ್ಡ್ ಯುನೈಟೆಡ್ 16. ಶೆಫೀಲ್ಡ್ 104 ಗೋಲು ಬಿಟ್ಟುಕೊಟ್ಟಿತ್ತು. ಆ ವರ್ಷ ಉಳಿಯಲು 27 ಅಂಕ ಸಾಕಿತ್ತು. ಮೊದಲಿನ ಹತ್ತನ್ನೂ ಆಮೇಲಿನ ಎರಡನ್ನೂ ಪೂರ್ತಿ ಕಳೆದಿದ್ದರೂ ಎವರ್ಟನ್‌ಗೆ 36 ಇರುತ್ತಿತ್ತು. ಬಡ್ತಿ ಪಡೆದು ಬಂದ ಮೂರೂ ತಂಡಗಳು ಒಟ್ಟಿಗೇ ಮರಳಿ ಇಳಿದ ವರ್ಷದಲ್ಲಿ ಈ ಶಿಕ್ಷೆ ಬಿತ್ತು. 2022ರಲ್ಲಿ ಬರ್ನ್ಲಿಗೂ 2023ರಲ್ಲಿ ಲೆಸ್ಟರ್‌ಗೂ ಆದ ನಷ್ಟವನ್ನು ಈ ಎಂಟು ಅಂಕ ತುಂಬಿಕೊಡಲಿಲ್ಲ. ತೀರ್ಪು ಅದೇ ಋತುವಿನೊಳಗೆ ಬರಬೇಕೆಂಬ ಹೊಸ ವೇಳಾಪಟ್ಟಿ ಸರಿಯೆಂದು ತೋರುವುದು ಇದಕ್ಕೇ.

ಎವರ್ಟನ್‌ಗೆ ಕೊನೆಗೆ ಬಿದ್ದ ನಷ್ಟ ಹಣದ್ದು. 48 ಅಂಕ ಮತ್ತು ತನ್ನ ಗೋಲು ವ್ಯತ್ಯಾಸದಿಂದ (-11) ಅದು 12ನೇ ಸ್ಥಾನದಲ್ಲಿ ಇರುತ್ತಿತ್ತು. ಆ ವರ್ಷ ಒಂದೊಂದು ಸ್ಥಾನಕ್ಕೆ ಬಹುಮಾನ ಸುಮಾರು 28 ಲಕ್ಷ ಪೌಂಡ್; ಮೂರು ಸ್ಥಾನಕ್ಕೆ ಸುಮಾರು 84 ಲಕ್ಷ. ಹಣ ಸಾಲದೆ ತಪ್ಪಿಗೆ ಬಿದ್ದ ಕ್ಲಬ್‌ನಿಂದ ಮತ್ತಷ್ಟು ಹಣ.

ಏಪ್ರಿಲ್

ಅಂಗಳದ ಲೆಕ್ಕ ಮುಗಿದದ್ದು ಏಪ್ರಿಲ್‌ನಲ್ಲಿ. 6ರಂದು ಬರ್ನ್ಲಿ ಗೋಲ್‌ಕೀಪರ್ ಒದೆಯಲು ಹೋದ ಚೆಂಡಿಗೆ ಕಾಲ್ವರ್ಟ್-ಲೆವಿನ್ ಅಡ್ಡ ಹಾರಿದರು. ಕಾಲಿಗೆ ತಾಗಿ ಚೆಂಡು ಉರುಳುತ್ತ ಗೋಲಿಗೆ ಹೋಯಿತು, 1–0. 15ರಂದು ಚೆಲ್ಸಿಯಲ್ಲಿ 0–6, ಕೋಲ್ ಪಾಮರ್ ಒಬ್ಬರೇ ನಾಲ್ಕು. ಇಡೀ ವರ್ಷ ಗಟ್ಟಿಯಾಗಿದ್ದ ಹಿಂಬದಿ ಒಂದು ರಾತ್ರಿ ಪೂರ್ತಿ ಬಿಚ್ಚಿಕೊಂಡಿತು. ಆ ಪಂದ್ಯದ ಮೇಲೆ ಕೈಯಲ್ಲಿದ್ದ ಅಂಕ 27.

ಮುಂದಿನ ಮೂರು ಪಂದ್ಯ ಗುಡಿಸನ್‌ನಲ್ಲಿ, ಆರೇ ದಿನಗಳ ಅಂತರದಲ್ಲಿ. 21ರಂದು ಫಾರೆಸ್ಟ್ ವಿರುದ್ಧ 2–0, ಗೆಯೆ ಮತ್ತು ಮೆಕ್‌ನೀಲ್. ಮೂರು ಪೆನಾಲ್ಟಿ ಕೊಡಲಿಲ್ಲವೆಂದು ಫಾರೆಸ್ಟ್ ಕೆರಳಿತು. 24ರಂದು ಲಿವರ್‌ಪೂಲ್. 2010ರ ಅಕ್ಟೋಬರ್ ನಂತರ ಗುಡಿಸನ್‌ನಲ್ಲಿ ನೆರೆಯವರನ್ನು ಎವರ್ಟನ್ ಸೋಲಿಸಿರಲಿಲ್ಲ. 27ನೇ ನಿಮಿಷದಲ್ಲಿ ಪೆನಾಲ್ಟಿ ಚೌಕದ ಗೊಂದಲದಲ್ಲಿ ಬ್ರಾಂತ್‌ವೇಟ್ ಎಡಗಾಲಿನಿಂದ ಒದ್ದದ್ದು ಗೋಲ್‌ಕೀಪರ್ ಅಲಿಸನ್ ಮೈಯಡಿ ನುಸುಳಿ ಗೆರೆ ದಾಟಿತು. 58ನೇ ನಿಮಿಷದಲ್ಲಿ ಮೆಕ್‌ನೀಲ್ ಕಾರ್ನರ್, ದೂರದ ಕಂಬದ ಬಳಿ ಕಾಲ್ವರ್ಟ್-ಲೆವಿನ್ ತಲೆ. 2–0. ಪ್ರಶಸ್ತಿಯ ಓಟದಲ್ಲಿದ್ದ ಲಿವರ್‌ಪೂಲ್‌ಗೆ ಅದು ದೊಡ್ಡ ಪೆಟ್ಟು. 27ರಂದು ಬ್ರೆಂಟ್‌ಫರ್ಡ್ ವಿರುದ್ಧ ಗೆಯೆ ಹೊಡೆದ ಒಂದೇ ಗೋಲು. ಅದೇ ದಿನ ವುಲ್ವ್ಸ್‌ನಲ್ಲಿ ಲೂಟನ್ ಸೋತಿತು. ಮೂರು ಪಂದ್ಯ ಉಳಿದಿರುವಾಗಲೇ ಎವರ್ಟನ್ ಸುರಕ್ಷಿತ. ಎರಡು ಅಂಕದ ವಿರುದ್ಧ ಹಾಕಿದ್ದ ಮೇಲ್ಮನವಿಯನ್ನು ಮೇ ತಿಂಗಳಲ್ಲಿ ಕ್ಲಬ್ ಹಿಂದಕ್ಕೆ ಪಡೆಯಿತು.

ಕಾಗದದ ಲೆಕ್ಕ ಮಾತ್ರ ಮುಗಿದಿರಲಿಲ್ಲ. 2023ರ ಸೆಪ್ಟೆಂಬರ್‌ನಲ್ಲಿ ಮೊಶಿರಿಯ 94.1 ಶೇಕಡಾ ಪಾಲು ಕೊಳ್ಳಲು ಒಪ್ಪಿದ್ದ 777 ಪಾರ್ಟ್‌ನರ್ಸ್ ಕಂಪನಿಯ ಒಪ್ಪಂದ ಋತು ಮುಗಿದ ಕೆಲವೇ ದಿನಗಳಲ್ಲಿ ಬಿದ್ದುಹೋಯಿತು. ಹೊಸ ಲೆಕ್ಕದ ವರ್ಷದ ಕೊನೆ ಮತ್ತೆ ಜೂನ್ 30. ಅದಕ್ಕೆ ಮೊದಲೇ ಆ್ಯಸ್ಟನ್ ವಿಲ್ಲಾದಿಂದ ಮಿಡ್‌ಫೀಲ್ಡರ್ ಟಿಮ್ ಇರೊಗ್ಬುನಾಮ್ ಎವರ್ಟನ್‌ಗೆ ಬಂದರು. ಎವರ್ಟನ್‌ನಿಂದ ವಿಲ್ಲಾಗೆ ಹೋದವರು ಲೂಯಿಸ್ ಡಾಬಿನ್, ಪುಸ್ತಕದಲ್ಲಿ ಬೆಲೆ ಸೊನ್ನೆ.